ಹಳೆಯ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಇನ್‌ಸ್ಟಂಟ್ ಫಿಲ್ಮ್: ಬಿಳಿಯ ಭಾಗ ಸುಟ್ಟುಹೋಗದಂತೆ ತೆಗೆಯುವುದು ಹೇಗೆ?

ತೊಟ್ಟಿಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸೋದರಮಾವನವರು ಬಹಳ ಹಿಂದೆ ಕೊಂಡಿದ್ದ, ತೆಗೆದ ಚಿತ್ರವನ್ನು ಕೂಡಲೇ ಹೊರಕೊಡುವ ಪೊಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾ ಈಗ ನನ್ನ ಕೈಸೇರಿದೆ. ಮಡಚಿ ಇಡಬಹುದಾದ, ಕ್ರೋಮ್ ಮೈಯ ಮೊದಲ ಮಾದರಿಯದು. ಚರ್ಮದ ಹೊದಿಕೆ ಅಲ್ಲಲ್ಲಿ ಬಿರಿದಿರುವುದನ್ನು ಬಿಟ್ಟರೆ ಮೋಟಾರು, ಕನ್ನಡಿ, ಶಟರ್ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿವೆ. ಮನೆಯಲ್ಲಿಯೇ 120 ರೋಲ್ ಫಿಲ್ಮ್ ತೊಳೆದು ಪ್ರಿಂಟ್ ಹಾಕಿಕೊಳ್ಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇರುವುದರಿಂದ, ಬಣ್ಣದ ಗೋಜಿಗೆ ಹೋಗದೆ ಕಪ್ಪು-ಬಿಳುಪು ಎಸ್‌ಎಕ್ಸ್-70 ಫಿಲ್ಮನ್ನೇ ತರಿಸಿಕೊಂಡೆ.

ಚಿತ್ರಗಳು ಬರುತ್ತಿವೆ, ಆದರೆ ಸಮಾಧಾನವಾಗುವಂತೆ ಬರುತ್ತಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಮ್ಮನ ಚಿತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮುಖ, ಕೈಬೆರಳು, ಮುಂದಿದ್ದ ಮೊರ ಇಷ್ಟೂ ತಕ್ಕಮಟ್ಟಿಗೆ ಮೂಡಿವೆ. ಆದರೆ ಬಿಳಿ ಸೆರಗಿನಲ್ಲಿ ಒಂದು ಮಡಿಕೆಯೂ ಕಾಣುವುದಿಲ್ಲ, ಹಿಂದಿನ ಅಂಗಳವಂತೂ ಬರೀ ಬಿಳಿಯ ಕಾಗದದಂತಿದೆ. ಕಪ್ಪು ಇರಬೇಕಾದ ಕಡೆ ಕಪ್ಪಿಲ್ಲ, ಒಂದು ಬಗೆಯ ಕಂದು ಛಾಯೆ ಇದೆ. ಇದಲ್ಲದೆ ಚಿತ್ರದ ಉದ್ದಕ್ಕೂ ಸಮಾನ ಅಂತರದಲ್ಲಿ ಸಣ್ಣ ಚುಕ್ಕೆಗಳು ಬಿದ್ದಿವೆ, ಅವು ಪ್ರತಿ ಚಿತ್ರದಲ್ಲಿಯೂ ಒಂದೇ ಸಾಲಿನಲ್ಲಿರುತ್ತವೆ.

ರೋಲ್ ಫಿಲ್ಮಿನಲ್ಲಿ ಇದೇ ಜಗಲಿಯನ್ನು ಇದೇ ಹೊತ್ತಿನಲ್ಲಿ ತೆಗೆದಾಗ ಸೆರಗೂ ಉಳಿಯುತ್ತದೆ, ಅಂಗಳವೂ ಉಳಿಯುತ್ತದೆ. ದೋಷ ಕ್ಯಾಮೆರಾದ್ದೋ ಫಿಲ್ಮಿನದೋ ಅಥವಾ ತೆಗೆಯುವ ಕ್ರಮದ್ದೋ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕಾಗಿ ಕೋರಿಕೆ. ಪೊಲರಾಯ್ಡಿನದೇ ಆದ 600 ಎಂಬ ಫಿಲ್ಮ್ ಸುಲಭವಾಗಿ ಸಿಗುತ್ತದೆ ಎನ್ನುತ್ತಾರೆ. ಅದನ್ನು ಈ ಕ್ಯಾಮೆರಾದಲ್ಲಿ ಬಳಸಬಹುದೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಹಳೆಮಸೂರ (ಬೆಂಗಳೂರು)

ನಮಸ್ಕಾರ ಸರ್. ನೀವು ಹೇಳಿರುವ ಮೂರು ತೊಂದರೆಗಳಿಗೂ ಬೇರೆ ಬೇರೆ ಕಾರಣಗಳಿವೆ. ಸುಲಭವಾದದ್ದನ್ನು ಮೊದಲು ಮುಗಿಸುತ್ತೇನೆ.

ಸಮಾನ ಅಂತರದ ಚುಕ್ಕೆಗಳು ರೋಲರ್‌ಗಳ ಮೇಲೆ ಒಣಗಿ ಕುಳಿತಿರುವ ರಾಸಾಯನಿಕದಿಂದ ಬರುತ್ತವೆ. ಪ್ರತಿ ಹಾಳೆಯ ಅಗಲ ಅಂಚಿನಲ್ಲಿ ಅಡಗಿರುವ ಪೊಟ್ಟಣವನ್ನು ಹಿಂಡಿ, ಅದರೊಳಗಿನ ದ್ರವವನ್ನು ಹಾಳೆಯ ತುಂಬ ಸಮನಾಗಿ ಹರಡುವುದೇ ಆ ಎರಡು ಉಕ್ಕಿನ ರೋಲರ್‌ಗಳ ಕೆಲಸ. ಅವುಗಳ ಮೇಲೆ ಒಂದು ಕಣ ಅಂಟಿಕೊಂಡಿದ್ದರೂ ರೋಲರ್ ಒಂದು ಸುತ್ತು ಮುಗಿಸಿದಾಗಲೆಲ್ಲ ಅದೇ ಗುರುತು ಮತ್ತೆ ಬೀಳುತ್ತದೆ. ಫಿಲ್ಮ್ ಬಾಗಿಲನ್ನು ತೆರೆದು, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿಕೊಂಡು, ಪಕ್ಕದ ಹಲ್ಲುಚಕ್ರವನ್ನು ಬೆರಳಿನಿಂದ ತಿರುಗಿಸುತ್ತ ಎರಡೂ ರೋಲರ್‌ಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಫಿಲ್ಮ್ ಹಾಕಬೇಕು. ಪ್ಯಾಕ್ ಬದಲಿಸುವಾಗಲೆಲ್ಲ ಇದನ್ನು ಮಾಡುವುದು ಒಳ್ಳೆಯದು. ಆ ದ್ರವ ಕ್ಷಾರವಾದ್ದರಿಂದ ಕೈಗೆ ತಾಗಿದರೆ ಕೂಡಲೇ ತೊಳೆದುಕೊಳ್ಳಿ.

ಕಂದು ಛಾಯೆಗೆ ಮುಖ್ಯ ಕಾರಣ ಬಿಸಿ. ಈ ಫಿಲ್ಮ್ 13ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಚೆನ್ನಾಗಿ ಅರಳುತ್ತದೆ ಎಂದು ತಯಾರಕರೇ ಹೇಳುತ್ತಾರೆ, ನಮ್ಮ ಬೇಸಿಗೆಯ ಮಧ್ಯಾಹ್ನ ಆ ಮಿತಿಯನ್ನು ಮೀರಿರುತ್ತದೆ. ಪ್ಯಾಕನ್ನು ಫ್ರಿಜ್ಜಿನಲ್ಲಿಡಿ, ಆದರೆ ಫ್ರೀಜರಿನಲ್ಲಿ ಇಡಲೇಬೇಡಿ, ಏಕೆಂದರೆ ಪೊಟ್ಟಣದೊಳಗಿನ ದ್ರವ ಹೆಪ್ಪುಗಟ್ಟಿದರೆ ಆ ಪ್ಯಾಕ್ ಕೆಟ್ಟಂತೆಯೇ. ತೆಗೆಯುವ ದಿನ ಪ್ಯಾಕನ್ನು ಮೊದಲೇ ಹೊರಗಿಟ್ಟು ಕೋಣೆಯ ಉಷ್ಣತೆಗೆ ಬರಲು ಬಿಡಬೇಕು. ಚಿತ್ರ ಹೊರಬಂದ ಮೇಲೆ ಅದನ್ನು ಬಿಸಿಲಿನಲ್ಲಾಗಲಿ ಅಂಗಿಯ ಜೇಬಿನಲ್ಲಾಗಲಿ ಇಡದೆ, ಒಳಮನೆಯ ತಣ್ಣನೆಯ ನೆಲದ ಮೇಲೆ ಮುಖ ಕೆಳಗಾಗಿ ಇರಿಸಿ. ಕೆಂಪು ಗಾರೆಯ ನೆಲಕ್ಕಿಂತ ಒಳ್ಳೆಯ ಜಾಗ ಇದಕ್ಕೆ ಇನ್ನೊಂದಿಲ್ಲ. ಕಪ್ಪು-ಬಿಳುಪು ಚಿತ್ರ ಅರಳಲು 5ರಿಂದ 10 ನಿಮಿಷ ಸಾಕು. ಹೊರಬಂದ ಮೊದಲ ಕೆಲವು ಸೆಕೆಂಡು ಅದರ ಮೇಲೆ ಬೆಳಕು ಬಿದ್ದರೆ ಕಾಂಟ್ರಾಸ್ಟ್ ಇಳಿಯುತ್ತದೆ, ಕಪ್ಪು ಬೂದಿಯಾಗುತ್ತದೆ. ನಿಮ್ಮ ಮಾದರಿಯ ಬಾಯಿಗೆ ನಾಲಿಗೆಯಂತೆ ಚಾಚಿಕೊಂಡು ಚಿತ್ರವನ್ನು ಮುಚ್ಚುವ ಕಪ್ಪು ಪರದೆಯೊಂದನ್ನು ಬೇರೆಯಾಗಿ ಕೊಂಡು ಕೂರಿಸಬಹುದು. ಅದು ಸಿಗುವ ತನಕ ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಪ್ಪು ಬಟ್ಟೆ ಹಿಡಿದರೂ ಆದೀತು.

ಇನ್ನು ಬಿಳಿ ಸೆರಗಿನ ವಿಚಾರ. ಇದೇ ನಿಮ್ಮ ಪ್ರಶ್ನೆಯ ತಿರುಳು ಎಂದು ನನ್ನ ಭಾವನೆ. ರೋಲ್ ಫಿಲ್ಮಿನವರು ನೆರಳಿಗೆ ತಕ್ಕಂತೆ ಎಕ್ಸ್‌ಪೋಶರ್ (ಫಿಲ್ಮಿನ ಮೇಲೆ ಬೀಳುವ ಬೆಳಕಿನ ಪ್ರಮಾಣ) ಕೊಟ್ಟು, ಬೆಳಕಿನ ಭಾಗವನ್ನು ತೊಳೆಯುವಾಗ ಮತ್ತು ಪ್ರಿಂಟ್ ಹಾಕುವಾಗ ಹಿಡಿತಕ್ಕೆ ತಂದುಕೊಳ್ಳುತ್ತಾರೆ. ಅಲ್ಲಿ ನೆಗೆಟಿವ್ ದಟ್ಟವಾದರೂ ಅದರೊಳಗೆ ವಿವರ ಇರುತ್ತದೆ. ಇನ್‌ಸ್ಟಂಟ್ ಫಿಲ್ಮಿನಲ್ಲಿ ನಡೆಯುವುದು ಬೇರೆ. ಬೆಳಕು ಬಿದ್ದ ಬೆಳ್ಳಿಯ ಲವಣ ನೆಗೆಟಿವ್ ಪದರದಲ್ಲಿಯೇ ಬೆಳ್ಳಿಯಾಗಿ ನಿಂತುಬಿಡುತ್ತದೆ; ಬೆಳಕು ಬೀಳದ ಲವಣ ಮಾತ್ರ ಕರಗಿ, ಪಕ್ಕದ ಪದರಕ್ಕೆ ಸಾಗಿ, ಅಲ್ಲಿ ಕಪ್ಪಾಗಿ ಕೂರುತ್ತದೆ. ನಾವು ನೋಡುವ ಚಿತ್ರ ಹೀಗೆ ಸಾಗಿಬಂದ ಬೆಳ್ಳಿಯಿಂದಲೇ ಆದದ್ದು. ಸೆರಗಿನ ಮೇಲೆ ಬೆಳಕು ಹೆಚ್ಚಾಗಿ ಬಿದ್ದಿದ್ದರೆ ಅಲ್ಲಿಂದ ಸಾಗಿಬರಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಆಮೇಲೆ ಸ್ಕ್ಯಾನ್ ಮಾಡಿ ಹುಡುಕಿದರೂ ಅಲ್ಲಿ ಮಡಿಕೆ ಸಿಗುವುದಿಲ್ಲ. ಹೀಗಾಗಿ ಇದನ್ನು ಸ್ಲೈಡ್ ಫಿಲ್ಮಿನಂತೆ ನಡೆಸಿಕೊಳ್ಳಬೇಕು: ಎಕ್ಸ್‌ಪೋಶರನ್ನು ಬೆಳಕಿನ ಭಾಗಕ್ಕೆ ನಿಗದಿ ಮಾಡಿ, ನೆರಳು ಎಷ್ಟು ಬಂದರೆ ಅಷ್ಟು ಎಂದು ಒಪ್ಪಿಕೊಳ್ಳಬೇಕು.

ನಿಮ್ಮ ಕ್ಯಾಮೆರಾದ ಮುಂಭಾಗದಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು ಇರುವ ಚಿಕ್ಕ ಚಕ್ರವಿದೆಯಲ್ಲ, ಅದನ್ನು ಕಪ್ಪಿನ ಕಡೆಗೆ ಪೂರ್ತಿ ತಿರುಗಿಸಿದರೆ ಸುಮಾರು ಒಂದೂವರೆ ಸ್ಟಾಪ್ ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಎರಡು ಪಟ್ಟಾಗುವುದು). ಜಗಲಿಯಂಥ ಕಡೆ ನಾನು ಒಂದು ಗೆರೆ ಕಪ್ಪಿನ ಕಡೆಗಿಟ್ಟೇ ಪ್ರಾರಂಭಿಸುತ್ತೇನೆ. ಆದರೆ ಚಕ್ರದಿಂದ ಆಗುವುದು ಇಷ್ಟೇ. ಬೆಳಕಿಗೂ ನೆರಳಿಗೂ ನಡುವಿನ ಅಂತರವನ್ನು ಅದು ಕಡಿಮೆ ಮಾಡಲಾರದು. ಅದಕ್ಕಾಗಿ ಅಮ್ಮನವರನ್ನು ಅಂಗಳಕ್ಕೆ ಬೆನ್ನು ಮಾಡಿ ಕೂರಿಸುವ ಬದಲು, ಅಂಗಳದ ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಹಿಂದೆ ಒಳಗೋಡೆ ಬರುವಂತೆ ನೋಡಿಕೊಳ್ಳಿ. ಎದುರಿನ ಕಂಬಕ್ಕೆ ಒಂದು ಬಿಳಿ ಪಂಚೆಯನ್ನು ಇಳಿಬಿಟ್ಟರೆ ನೆರಳಿನ ಕೆನ್ನೆಗೂ ಸಾಕಷ್ಟು ಬೆಳಕು ಸಿಗುತ್ತದೆ. ಈ ಕ್ಯಾಮೆರಾದ ಲೆನ್ಸ್ 116 ಮಿ.ಮೀ., ಅಪರ್ಚರ್ (ಬೆಳಕು ಒಳಹೋಗುವ ಕಿಂಡಿ) ಹೆಚ್ಚೆಂದರೆ ಎಫ್/8. ಐಎಸ್‌ಒ 160ರ (ಫಿಲ್ಮ್ ಬೆಳಕಿಗೆ ಸ್ಪಂದಿಸುವ ವೇಗದ ಅಳತೆ) ಫಿಲ್ಮಿಗೆ ಸಂಜೆಯ ಜಗಲಿಯಲ್ಲಿ ಶಟರ್ 1/25 ಸೆಕೆಂಡಿನ ಆಸುಪಾಸಿಗೆ ಇಳಿದಿರುತ್ತದೆ, ಆದ್ದರಿಂದ ಭುಜವನ್ನು ಕಂಬಕ್ಕೆ ಒರಗಿಸಿ ನಿಲ್ಲಿ. ಗುಂಡಿ ಒತ್ತಿದ ಕೂಡಲೇ ಚಿತ್ರ ಬಿದ್ದುಬಿಡುವುದಿಲ್ಲ. ಮೊದಲು ಒಳಗಿನ ಕನ್ನಡಿ ಮೇಲೇಳುತ್ತದೆ, ಆಮೇಲೆ ಶಟರ್ ತೆರೆಯುತ್ತದೆ. ಮೋಟಾರು ಹಾಳೆಯನ್ನು ಹೊರದಬ್ಬುವ ಸದ್ದು ಕೇಳುವವರೆಗೂ ಅಲುಗಾಡದೆ ಇರಬೇಕು.

ಇನ್ನೊಂದು ವಿಷಯ. ಕೌಂಟರಿನಲ್ಲಿ 2 ಎಂದು ಕಾಣುತ್ತಿರುವಾಗಲೇ ಫಿಲ್ಮ್ ಮುಗಿದರೆ ಗಾಬರಿಯಾಗಬೇಡಿ. ಆಗಿನ ಪ್ಯಾಕಿನಲ್ಲಿ 10 ಹಾಳೆಗಳಿದ್ದವು, ಈಗಿನದರಲ್ಲಿ 8.

ಪಡುಗಾಳಿ (ಡೆಲ್ಫ್ಟ್, ನೆದರ್‌ಲ್ಯಾಂಡ್ಸ್)

ಹಳೆಮಸೂರ ಅವರು ಬಿಸಿಯ ಬಗ್ಗೆ ಬರೆದಿದ್ದಾರೆ. ನಾನಿರುವ ಕಡೆ ತೊಂದರೆ ಚಳಿಯದು. 13 ಡಿಗ್ರಿಗಿಂತ ಕೆಳಗೆ ಹೋದರೆ ದ್ರವ ಮಂದವಾಗಿ ಹರಡುತ್ತದೆ, ಕಪ್ಪು ತೆಳುವಾಗುತ್ತದೆ. ಚಳಿಗಾಲದಲ್ಲಿ ನಾವು ಚಿತ್ರವನ್ನು ಹೊರಬಂದ ಕೂಡಲೇ ಕೋಟಿನ ಒಳಜೇಬಿಗೆ ಸೇರಿಸುತ್ತೇವೆ. ಮೈಸೂರಿನಲ್ಲಿ ಮಾಡಬಾರದು ಎಂದು ಹೇಳಿರುವುದನ್ನೇ ಇಲ್ಲಿ ಮಾಡಬೇಕಾಗಿದೆ.

ನಾವೆಲ್ಲ ಬಳಸುತ್ತಿರುವ ಈ ಫಿಲ್ಮ್ ತಯಾರಾಗುವುದು ಇದೇ ದೇಶದ ಪೂರ್ವದಂಚಿನ ಎನ್‌ಸ್ಕೆಡೆ ಊರಿನಲ್ಲಿ. 2008ರಲ್ಲಿ ಪೊಲರಾಯ್ಡ್ ಫಿಲ್ಮ್ ತಯಾರಿಕೆ ನಿಂತಾಗ, ಇಂಪಾಸಿಬಲ್ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಕೆಲವರು ಅಲ್ಲಿನ ಕಾರ್ಖಾನೆಯ ಯಂತ್ರಗಳನ್ನು ಉಳಿಸಿಕೊಂಡರು. ಹಳೆಯ ರಾಸಾಯನಿಕಗಳು ಸಿಗದಂತಾಗಿದ್ದರಿಂದ ಎಲ್ಲವನ್ನೂ ಹೊಸದಾಗಿ ರೂಪಿಸಬೇಕಾಯಿತು, ಮತ್ತು 2010ರಲ್ಲಿ ಅವರು ಮೊದಲು ಹೊರತಂದದ್ದು ಏಕವರ್ಣದ ಫಿಲ್ಮನ್ನೇ. ಬಣ್ಣದ ಫಿಲ್ಮಿನಷ್ಟು ಪದರಗಳು ಅದಕ್ಕೆ ಬೇಡ. 2020ರಿಂದ ಆ ಸಂಸ್ಥೆಯೇ ಪೊಲರಾಯ್ಡ್ ಎಂಬ ಹೆಸರನ್ನು ಹೊತ್ತುಕೊಂಡಿದೆ. ಈ ಹಿನ್ನೆಲೆಯನ್ನು ಹೇಳಲು ಕಾರಣವಿದೆ: ನಿಮ್ಮ ಕ್ಯಾಮೆರಾ 1970ರ ದಶಕದ ಫಿಲ್ಮಿಗೆ ಹೊಂದಿಸಿದ್ದು, ಅದರೊಳಗಿನ ಫಿಲ್ಮ್ ಬೇರೆಯದೇ ರಸಾಯನಶಾಸ್ತ್ರದ್ದು. ಆದ್ದರಿಂದ ಚಕ್ರವನ್ನು ನಡುವೆ ಇಟ್ಟರೆ ಎಲ್ಲವೂ ಸರಿ ಎಂಬ ನಂಬಿಕೆಯನ್ನು ಮೊದಲ ಪ್ಯಾಕಿನಲ್ಲಿಯೇ ಬಿಡಬೇಕು.

600 ಫಿಲ್ಮಿನ ಬಗ್ಗೆ ಕೇಳಿದ್ದೀರಿ. ಅದು ಐಎಸ್‌ಒ 640, ಅಂದರೆ ಎಸ್‌ಎಕ್ಸ್-70 ಫಿಲ್ಮಿಗಿಂತ ನಾಲ್ಕು ಪಟ್ಟು ವೇಗ, ಸರಿಯಾಗಿ ಎರಡು ಸ್ಟಾಪ್ ವ್ಯತ್ಯಾಸ. ಚಕ್ರವನ್ನು ಪೂರ್ತಿ ಕಪ್ಪಿಗೆ ತಿರುಗಿಸಿದರೂ ಅಷ್ಟನ್ನು ಅದು ತುಂಬಿಕೊಡುವುದಿಲ್ಲ. ಎರಡು ಸ್ಟಾಪಿನ ಎನ್‌ಡಿ ಫಿಲ್ಟರನ್ನು (ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಬೂದು ಫಿಲ್ಟರ್) ಲೆನ್ಸಿನ ಮೇಲೆ ಮಾತ್ರ, ಪಕ್ಕದಲ್ಲಿ ಬೆಳಕನ್ನು ಅಳೆಯುವ ಕಣ್ಣನ್ನು ಮುಚ್ಚದಂತೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಪ್ಯಾಕಿನ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಮೊಳೆಗಳಿರುವುದರಿಂದ ಅದು ನಿಮ್ಮ ಕ್ಯಾಮೆರಾಕ್ಕೆ ನೇರವಾಗಿ ಇಳಿಯುವುದಿಲ್ಲ; ತೆಳುವಾದ ಕಾರ್ಡೊಂದನ್ನು ಅಡಿಗೆ ಕೊಟ್ಟು ಜಾರಿಸಬೇಕು. ಐ-ಟೈಪ್ ಎಂಬ ಫಿಲ್ಮನ್ನು ಮಾತ್ರ ಕೊಳ್ಳಬೇಡಿ. ಅದರ ಪ್ಯಾಕಿನಲ್ಲಿ ಬ್ಯಾಟರಿ ಇರುವುದಿಲ್ಲ, ನಿಮ್ಮ ಕ್ಯಾಮೆರಾಕ್ಕೆ ಪ್ಯಾಕಿನ ಬ್ಯಾಟರಿಯೇ ಆಧಾರ.

ಕಪ್ಪು-ಬಿಳುಪಿನವರಿಗೆ ಇಲ್ಲೊಂದು ಅನುಕೂಲವೂ ಇದೆ. ಕಿತ್ತಳೆ ಬಣ್ಣದ ಫಿಲ್ಟರ್ ಸಾಮಾನ್ಯವಾಗಿ ಎರಡು ಸ್ಟಾಪಿನಷ್ಟು ಬೆಳಕನ್ನು ತಿನ್ನುತ್ತದೆ. ಹಾಗಾಗಿ 600ರ ಕಪ್ಪು-ಬಿಳುಪು ಫಿಲ್ಮ್ ಹಾಕಿ, ಎನ್‌ಡಿ ಬದಲು ಕಿತ್ತಳೆ ಫಿಲ್ಟರನ್ನು ಲೆನ್ಸಿಗೆ ಮಾತ್ರ ಹಾಕಿದರೆ, ವೇಗದ ವ್ಯತ್ಯಾಸವನ್ನು ಫಿಲ್ಟರೇ ನುಂಗಿಕೊಳ್ಳುತ್ತದೆ. ಜೊತೆಗೆ ಆಕಾಶದ ನೀಲಿ ಕಪ್ಪಾಗಿ ಮೋಡ ಎದ್ದು ಕಾಣುತ್ತದೆ. ಐಎಸ್‌ಒ 160ರ ಫಿಲ್ಮ್ ಬಳಸುವವರು ಮಾತ್ರ ಫಿಲ್ಟರ್ ಲೆನ್ಸನ್ನೂ ಬೆಳಕಿನ ಕಣ್ಣನ್ನೂ ಎರಡನ್ನೂ ಮುಚ್ಚುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಚಿತ್ರ ಎರಡು ಸ್ಟಾಪ್ ಕಪ್ಪಾಗುತ್ತದೆ. ನೀವು ನೋಡುವುದೂ ಲೆನ್ಸಿನ ಮೂಲಕವೇ ಆದ್ದರಿಂದ ಫೋಕಸ್ ಮಾಡುವಾಗ ಜಗತ್ತೆಲ್ಲ ಕಿತ್ತಳೆಯಾಗಿ ಕಾಣುತ್ತದೆ. ಅದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಬೆಳಕಿಂಡಿ (ಹಾಸನ)

ಪಡುಗಾಳಿಯವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಿಳಿ ಸುಟ್ಟುಹೋಗುತ್ತಿದೆ ಎಂದು ಕೇಳಿದವರಿಗೆ ಕಿತ್ತಳೆ ಫಿಲ್ಟರನ್ನು ಸೂಚಿಸುವುದನ್ನು ನಾನು ಒಪ್ಪಲಾರೆ. ಹಾಲೆಂಡಿನ ಮೋಡದ ಬೆಳಕು ಬೇರೆ, ನಮ್ಮ ಏಪ್ರಿಲ್ ತಿಂಗಳ ಬಿಸಿಲು ಬೇರೆ. ಬಯಲಿನಲ್ಲಿ ನೆರಳು ಬೆಳಗುವುದು ಬಹುಪಾಲು ಆಕಾಶದ ನೀಲಿ ಬೆಳಕಿನಿಂದಲೇ ಆದ್ದರಿಂದ, ಆ ನೀಲಿಯನ್ನು ತಡೆಯುವ ಫಿಲ್ಟರ್ ನೆರಳನ್ನೂ ಕಪ್ಪುಗಟ್ಟಿಸುತ್ತದೆ. ಮೊದಲೇ ಕಿರಿದಾದ ಈ ಫಿಲ್ಮಿನ ವ್ಯಾಪ್ತಿಯಲ್ಲಿ ಒಂದು ತುದಿ ಸುಡುತ್ತಿದ್ದದ್ದು ಈಗ ಎರಡೂ ತುದಿಗಳಲ್ಲಿ ಹೋಗುತ್ತದೆ. ಆಕಾಶಕ್ಕಾಗಿ ಫಿಲ್ಟರ್ ಬೇಕೇ ಬೇಕು ಎನ್ನುವವರು ತೆಳು ಹಳದಿಯಲ್ಲಿ ನಿಲ್ಲಿಸಲಿ.

ನನ್ನ ಅನುಭವದಲ್ಲಿ ಈ ಫಿಲ್ಮಿಗೆ ಹೇಳಿ ಮಾಡಿಸಿದ ವಸ್ತುವೆಂದರೆ ನಮ್ಮ ಹೊಯ್ಸಳ ದೇಗುಲಗಳ ಬಳಪದ ಕಲ್ಲು. ಹಳೇಬೀಡಿನಲ್ಲಾಗಲಿ ಸೋಮನಾಥಪುರದಲ್ಲಾಗಲಿ ಆ ಕಲ್ಲು ತಾನಾಗಿಯೇ ನಡುಬೂದು ಬಣ್ಣದ್ದು. ಬಿಳಿಯೂ ಅಲ್ಲ, ಕಪ್ಪೂ ಅಲ್ಲ. ಬೆಳಿಗ್ಗೆ ಬಾಗಿಲು ತೆರೆದ ಹೊಸತರಲ್ಲಿ ಬಿಸಿಲು ಓರೆಯಾಗಿ ಗೋಡೆಯನ್ನು ಸವರಿಕೊಂಡು ಹೋಗುವಾಗ, ಆನೆಗಳ ಸಾಲಿನ ಒಂದೊಂದು ಸೊಂಡಿಲಿನ ಕೆಳಗೂ ಸಣ್ಣ ನೆರಳು ಮೂಡಿರುತ್ತದೆ, ಆ ನೆರಳಿನೊಳಗೂ ಉಳಿಯ ಗೆರೆ ಕಾಣುತ್ತದೆ. ಅದೇ ಗೋಡೆಯನ್ನು ನಡುಹಗಲಿನಲ್ಲಿ ತೆಗೆದರೆ ಆನೆಗಳು ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತವೆ. ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಈ ಕ್ಯಾಮೆರಾ ಶಟರ್ ತೆರೆದಿರುವಾಗಲೇ ಬೆಳಕನ್ನು ಅಳೆಯುತ್ತ ಹೋಗಿ, ಸಾಕಾಯಿತು ಎನಿಸಿದಾಗ ಮುಚ್ಚಿಕೊಳ್ಳುವ ಬಗೆಯದು; ಆಕಾಶ ಒಳಗೆ ಬಂದರೆ ಅದಕ್ಕೆ ಬೇಗನೆ ಸಾಕಾಗಿಬಿಡುತ್ತದೆ, ಕಲ್ಲು ಮಸಿಯಾಗುತ್ತದೆ. ನವರಂಗದ ಒಳಗೆ ತೆಗೆಯುವುದಾದರೆ ಶಟರ್ ಹಲವು ಸೆಕೆಂಡು ತೆರೆದಿರುತ್ತದೆ, ಟ್ರೈಪಾಡ್ ಇಲ್ಲದೆ ಆಗದು, ಮತ್ತು ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆದಿರಬೇಕು.

ತೊಟ್ಟಿಮನೆ (ಮೈಸೂರು)

ಮೂವರಿಗೂ ಧನ್ಯವಾದಗಳು. ರೋಲರ್ ಒರೆಸಿದ ಮೇಲೆ ಚುಕ್ಕೆಗಳು ಮಾಯವಾಗಿವೆ. ಅಮ್ಮನನ್ನು ಒಳಗೋಡೆಗೆ ಬೆನ್ನು ಮಾಡಿ ಕೂರಿಸಿ, ಚಕ್ರವನ್ನು ಒಂದು ಗೆರೆ ಕಪ್ಪಿಗಿಟ್ಟು ತೆಗೆದಾಗ ಸೆರಗಿನ ಅಂಚೂ ಬಂತು. ಫಿಲ್ಟರಿನ ವಿಷಯದಲ್ಲಿ ಬೆಳಕಿಂಡಿಯವರ ಮಾತನ್ನೇ ಸದ್ಯಕ್ಕೆ ಪಾಲಿಸುತ್ತೇನೆ.

ಇದೇ ಎಳೆಯಲ್ಲಿ ಇನ್ನೊಂದು ಪ್ರಶ್ನೆ. ತಾತನವರ ಆಗ್ಫಾ ಕ್ಲಿಕ್-3 ಬಾಕ್ಸ್ ಕ್ಯಾಮೆರಾವೂ ನಮ್ಮ ಮನೆಯಲ್ಲಿದೆ. ಅದರಲ್ಲಿ ಫ್ಯೂಜಿ ಕಂಪನಿಯ ಇನ್‌ಸ್ಟಂಟ್ ಫಿಲ್ಮಾದ ಇನ್‌ಸ್ಟಾಕ್ಸ್ ಮಿನಿ ಮಾನೋಕ್ರೋಮ್ ಹಾಳೆಯನ್ನು ಒಂದೊಂದಾಗಿ ಇಟ್ಟು ತೆಗೆಯಬಹುದೆಂದು ಕೇಳಿದ್ದೇನೆ. ಇದು ಆಗುವ ಮಾತೇ? ಹಾಗೆಯೇ, ಸಿಪ್ಪೆಯಂತೆ ಸುಲಿಯುವ ಹಳೆಯ ಪ್ಯಾಕ್ ಫಿಲ್ಮಿನ ಕ್ಯಾಮೆರಾವೊಂದು ಮಾರಾಟಕ್ಕಿದೆ, ಅದನ್ನು ಕೊಳ್ಳಬಹುದೇ?

ಗಾಜಿನಮನೆ (ಧಾರವಾಡ)

ಕ್ಲಿಕ್-3ರ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಬರೋಡದಲ್ಲಿ ತಯಾರಾಗುತ್ತಿದ್ದ ಆ ಕ್ಯಾಮೆರಾ ಒಂದು ಕಾಲದಲ್ಲಿ ನಮ್ಮ ಎಷ್ಟೋ ಮನೆಗಳ ಅಲಮಾರಿಗಳಲ್ಲಿತ್ತು, ಆದ್ದರಿಂದ ಈ ಪ್ರಯೋಗಕ್ಕೆ ಅದಕ್ಕಿಂತ ಸುಲಭವಾಗಿ ಸಿಗುವ ಹಳೆಯ ಕ್ಯಾಮೆರಾ ಇನ್ನೊಂದಿಲ್ಲ. ಅದರ ಚೌಕಟ್ಟು ಸುಮಾರು 56 ಮಿ.ಮೀ. ಚೌಕ, ಇನ್‌ಸ್ಟಾಕ್ಸ್ ಮಿನಿ ಹಾಳೆಯ ಅಗಲ 54 ಮಿ.ಮೀ.; ಉದ್ದ 86 ಮಿ.ಮೀ. ಇರುವುದರಿಂದ ಎರಡು ತುದಿಗಳು ಚೌಕಟ್ಟಿನ ಆಚೆಗೆ ಚಾಚಿಕೊಳ್ಳುತ್ತವೆ, ಚಿತ್ರ ಹಾಳೆಯ ನಡುವೆ ಬೀಳುತ್ತದೆ. ರಾಸಾಯನಿಕದ ಪೊಟ್ಟಣವಿರುವ ತುದಿ ಎಲ್ಲಿಯೂ ಒತ್ತಿಹೋಗದಂತೆ ಎಚ್ಚರ ವಹಿಸಿದರೆ ಸಾಕು.

ಪೊಲರಾಯ್ಡ್ ಹಾಳೆಯನ್ನು ನಾವು ನೋಡುವ ಬದಿಯಿಂದಲೇ ಬೆಳಕು ಒಳಹೋಗಬೇಕು. ಆ ಕಾರಣದಿಂದಲೇ ಎಸ್‌ಎಕ್ಸ್-70 ಒಳಗೆ ಕನ್ನಡಿ ಬೇಕಾಯಿತು, ಇಲ್ಲದಿದ್ದರೆ ಎಡ-ಬಲ ಅದಲುಬದಲಾಗುತ್ತಿತ್ತು. ಇನ್‌ಸ್ಟಾಕ್ಸ್ ಹಾಳೆಗೆ ಬೆಳಕು ಬೀಳುವುದು ಹಿಂಬದಿಯಿಂದ, ನಾವು ನೋಡುವುದು ಮುಂಬದಿಯಿಂದ. ಹೀಗಾಗಿ ಕನ್ನಡಿಯಿಲ್ಲದ ಬಾಕ್ಸ್ ಕ್ಯಾಮೆರಾದಲ್ಲಿಯೂ ಅದು ನೆಟ್ಟಗಿನ ಚಿತ್ರವನ್ನೇ ಕೊಡುತ್ತದೆ. ಬೆಳಕು ನುಸುಳದ ಕಪ್ಪು ಚೀಲದೊಳಗೆ ಕೈ ಹಾಕಿ, ಒಂದು ಹಾಳೆಯನ್ನು ಡಬ್ಬಿಯಿಂದ ತೆಗೆದು, ಕಪ್ಪು ಬದಿ ಲೆನ್ಸಿನ ಕಡೆಗೆ ಇರುವಂತೆ ಮೂಲೆಗಳಿಗೆ ಟೇಪು ಹಚ್ಚಿ ಕೂರಿಸಬೇಕು. ಕ್ಲಿಕ್-3ರ ಬೆನ್ನಿನಲ್ಲಿ ಫಿಲ್ಮಿನ ಅಂಕಿ ನೋಡಲು ಕೆಂಪು ಕಿಂಡಿಯಿದೆಯಲ್ಲ, ಅದನ್ನು ಮೊದಲೇ ಕಪ್ಪು ಟೇಪಿನಿಂದ ಮುಚ್ಚಿಬಿಡಿ, ಏಕೆಂದರೆ ಅಲ್ಲಿ ಹಾಳೆಯನ್ನು ಕಾಪಾಡಲು ರೋಲ್ ಫಿಲ್ಮಿನ ಕಾಗದ ಇರುವುದಿಲ್ಲ. ತೆಗೆದಾದ ಮೇಲೆ ಮತ್ತೆ ಚೀಲದೊಳಗೆ ಹಾಳೆಯನ್ನು ಖಾಲಿ ಡಬ್ಬಿಗೆ ಸೇರಿಸಿ, ಇನ್‌ಸ್ಟಾಕ್ಸ್ ಕ್ಯಾಮೆರಾಕ್ಕೆ ಹಾಕಿ, ಅದರ ಲೆನ್ಸನ್ನು ಪೂರ್ತಿ ಮುಚ್ಚಿ ಗುಂಡಿ ಒತ್ತಿದರೆ ರೋಲರ್‌ಗಳ ನಡುವಿನಿಂದ ಚಿತ್ರ ಹೊರಬರುತ್ತದೆ.

ಕೈಚಳಕ ಇಷ್ಟೇ, ಕಷ್ಟವಿರುವುದು ಬೆಳಕಿನಲ್ಲಿ. ಈ ಹಾಳೆಯ ವೇಗ ಐಎಸ್‌ಒ 800. ಉರಿಬಿಸಿಲಿನಲ್ಲಿ ಅದಕ್ಕೆ ಎಫ್/16 ಅಪರ್ಚರಿನಲ್ಲಿ 1/800 ಸೆಕೆಂಡು ಸಾಕು. ಇಂಥ ಬಾಕ್ಸ್ ಕ್ಯಾಮೆರಾಗಳ ಶಟರ್ 1/50 ಸೆಕೆಂಡಿನ ಆಸುಪಾಸು, ಅಪರ್ಚರ್ ಎಫ್/11ರ ಆಸುಪಾಸು ಎಂದುಕೊಂಡರೆ, ಶಟರಿನಿಂದ ನಾಲ್ಕು ಸ್ಟಾಪ್, ಅಪರ್ಚರಿನಿಂದ ಒಂದು, ಒಟ್ಟು ಐದು ಸ್ಟಾಪ್ ಹೆಚ್ಚಾಗುತ್ತದೆ, ಅಂದರೆ ಬೇಕಾದದ್ದಕ್ಕಿಂತ 32 ಪಟ್ಟು ಬೆಳಕು. ಹಾಳೆ ಬರೀ ಬಿಳಿಯಾಗಿ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ತಿಳಿಯಬೇಡಿ. ಲೆನ್ಸಿನ ಮುಂದೆ ಮೂರು ಸ್ಟಾಪಿನದೊಂದು, ಎರಡು ಸ್ಟಾಪಿನದೊಂದು ಎನ್‌ಡಿ ಫಿಲ್ಟರನ್ನು ಒಟ್ಟಿಗೆ ಟೇಪು ಹಾಕಿ ಅಂಟಿಸಿ ಬಿಸಿಲಿಗೆ ಹೋಗಬಹುದು. ಫಿಲ್ಟರ್ ಇಲ್ಲದಿದ್ದರೆ ದಟ್ಟ ಮರದ ನೆರಳು, ಮಳೆಗಾಲದ ಸಂಜೆ, ಪಡಸಾಲೆಯ ಒಳಗಿನ ಕಿಟಕಿಯ ಬೆಳಕು ಇಂಥ ಹೊತ್ತನ್ನು ಆರಿಸಿಕೊಳ್ಳಬೇಕು. ಅಲ್ಲಿ ಬೆಳಕು ತಾನಾಗಿಯೇ ನಾಲ್ಕೈದು ಸ್ಟಾಪ್ ಇಳಿದಿರುತ್ತದೆ. ನನಗೆ ಈ ಎರಡನೆಯ ದಾರಿಯೇ ಇಷ್ಟ. ಮಂದ ಬೆಳಕಿನಲ್ಲಿ ಆ ಒಂಟಿ ಗಾಜಿನ ಲೆನ್ಸ್ ಅಂಚುಗಳನ್ನು ಮೆತ್ತಗೆ ಮಾಡುವ ರೀತಿ ಏಕವರ್ಣದ ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಸೂರ್ಯನನ್ನೇ ಚೌಕಟ್ಟಿನೊಳಗೆ ತರಬೇಡಿ, ಇನ್‌ಸ್ಟಾಕ್ಸ್ ಹಾಳೆಯಲ್ಲಿ ಸೂರ್ಯ ಕಪ್ಪು ಚುಕ್ಕೆಯಾಗಿ ಬರುತ್ತಾನೆ.

ಹಳೆಮಸೂರ (ಬೆಂಗಳೂರು)

ಸುಲಿಯುವ ಫಿಲ್ಮಿನ ಕ್ಯಾಮೆರಾವನ್ನು ಶೋಕೇಸಿನಲ್ಲಿ ಇಡಲು ಕೊಳ್ಳುವುದಾದರೆ ಕೊಳ್ಳಿ, ಚಿತ್ರ ತೆಗೆಯಲಿಕ್ಕಾದರೆ ಬೇಡ ಎನ್ನುತ್ತೇನೆ. ಅದಕ್ಕೆ ಬೇಕಾದ ಫ್ಯೂಜಿ ಎಫ್‌ಪಿ-3000ಬಿ ಎಂಬ ಕಪ್ಪು-ಬಿಳುಪು ಫಿಲ್ಮ್ 2013ರಲ್ಲಿ ನಿಂತಿತು, ಬಣ್ಣದ ಎಫ್‌ಪಿ-100ಸಿ 2016ರಲ್ಲಿ ನಿಂತಿತು. ಈಗ ಜಾಲತಾಣಗಳಲ್ಲಿ ಸಿಗುವುದೆಲ್ಲ ಅವಧಿ ಮುಗಿದ ಸರಕು, ಬೆಲೆಯೂ ಕೈಗೆಟುಕದು. ಬೆಳ್ಳಿಯ ಪದರ ಇನ್ನೂ ಚೆನ್ನಾಗಿರಬಹುದು. ಆದರೆ ಪೊಟ್ಟಣದೊಳಗಿನ ದ್ರವ ಒಣಗಿದ್ದರೆ ಅದು ಹಾಳೆಯ ಮುಕ್ಕಾಲು ಭಾಗಕ್ಕೂ ಹರಡುವುದಿಲ್ಲ, ಮತ್ತು ಅದು ಒಣಗಿದೆಯೇ ಎಂಬುದು ಎಳೆದು ಸುಲಿದ ಮೇಲೆಯೇ ತಿಳಿಯುವುದು.

ಐಎಸ್‌ಒ 3000ದ ಆ ಫಿಲ್ಮಿನ ಬೂದುಗಳ ಸಾಲು ಈಗಿನ ಯಾವ ಇನ್‌ಸ್ಟಂಟ್ ಫಿಲ್ಮಿನಲ್ಲಿಯೂ ಇಲ್ಲ ಎಂಬುದು ನಿಜ. ಪ್ರಿಂಟಿನ ಜೊತೆಗೆ ನೆಗೆಟಿವನ್ನೂ ಕೊಡುತ್ತಿದ್ದ ಪೊಲರಾಯ್ಡ್ ಟೈಪ್ 55 ಬಗ್ಗೆಯೂ ಹಳಬರು ಹೀಗೆಯೇ ನೆನೆಯುತ್ತಾರೆ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರು ಪೊಲರಾಯ್ಡ್ ಕಂಪನಿಗೆ ದಶಕಗಳ ಕಾಲ ಸಲಹೆಗಾರರಾಗಿದ್ದವರು. ಬೆಳಕಿನ ಒಂದೊಂದು ಮಟ್ಟವೂ ಪ್ರಿಂಟಿನಲ್ಲಿ ಯಾವ ಬೂದಾಗಿ ಬೀಳಬೇಕೆಂಬುದನ್ನು ಗುಂಡಿ ಒತ್ತುವ ಮುನ್ನವೇ ತೀರ್ಮಾನಿಸಬೇಕೆಂಬ ಅವರ ಪದ್ಧತಿ ಇನ್‌ಸ್ಟಂಟ್ ಫಿಲ್ಮಿಗೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಇಲ್ಲಿ ಆಮೇಲೆ ತಿದ್ದಲು ಕತ್ತಲೆಕೋಣೆಯೇ ಇಲ್ಲ. ಬೆಳಕಿನ ಮೀಟರ್ ಇದ್ದರೆ ಅದನ್ನು ಸೆರಗಿನ ಮೇಲೊಮ್ಮೆ, ಮುಖದ ನೆರಳಿನ ಬದಿಯ ಮೇಲೊಮ್ಮೆ ಹಿಡಿದು ನೋಡಿ. ಎರಡರ ನಡುವೆ ಮೂರು ಸ್ಟಾಪಿಗಿಂತ ಹೆಚ್ಚು ಅಂತರ ಕಂಡರೆ ನಾನು ಹಾಳೆ ಖರ್ಚು ಮಾಡದೆ ಕೂರುವ ಜಾಗವನ್ನೇ ಬದಲಿಸುತ್ತೇನೆ.

ಕಡಲತಡಿ (ಮಂಗಳೂರು)

ತೆಗೆಯುವುದರ ಬಗ್ಗೆ ಎಲ್ಲವೂ ಬಂದಿದೆ, ಉಳಿಸಿಕೊಳ್ಳುವುದರ ಬಗ್ಗೆ ಮಾತ್ರ ಯಾರೂ ಹೇಳಿಲ್ಲ. ನಮ್ಮ ಕರಾವಳಿಯಲ್ಲಿ ಅದೇ ದೊಡ್ಡ ಚಿಂತೆ.

ಇನ್‌ಸ್ಟಂಟ್ ಚಿತ್ರ ಅರಳಿದ ಕೂಡಲೇ ಒಣಗಿರುವುದಿಲ್ಲ. ಒಳಗಿನ ತೇವ ಪೂರ್ತಿ ಆರಲು ವಾರಗಳೇ ಬೇಕು. ಅಷ್ಟರೊಳಗೆ ಅದನ್ನು ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮಿಗೆ ಸೇರಿಸಿದರೆ ತೇವ ಹೊರಹೋಗಲು ದಾರಿಯಿಲ್ಲದಂತಾಗುತ್ತದೆ. 2010ರ ಮೊದಲ ಏಕವರ್ಣದ ಹಾಳೆಗಳಲ್ಲಿ ತೇವದಿಂದಾಗಿ ಒಳಗೆ ಹರಳುಗಳು ಬೆಳೆದು ಚಿತ್ರವನ್ನೇ ತಿಂದುಹಾಕಿದ್ದವು. ಈಗಿನ ಫಿಲ್ಮ್ ಆ ಮಟ್ಟಿಗೆ ಸುಧಾರಿಸಿದೆ, ಆದರೂ ಆಷಾಢದ ಮಂಗಳೂರನ್ನು ಅದು ಗೆದ್ದೀತೆಂದು ನಾನು ನಂಬುವುದಿಲ್ಲ. ಮಳೆಗಾಲದಲ್ಲಿ ತೆಗೆದ ಚಿತ್ರಗಳನ್ನು ನಾನು ಒಂದರ ಮೇಲೊಂದು ಒಟ್ಟದೆ, ನಡುವೆ ಕಾಗದ ಕೊಟ್ಟು, ಸಿಲಿಕಾ ಜೆಲ್ ಪೊಟ್ಟಣಗಳಿರುವ ಮುಚ್ಚಳದ ಡಬ್ಬಿಯಲ್ಲಿ ನಿಲ್ಲಿಸಿಡುತ್ತೇನೆ. ಜೆಲ್ಲಿನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಮಾತ್ರ ಹಿಂದಿರುಗಿಸಬಾರದು.

ಈ ರಗಳೆ ಇಂದಿನದಲ್ಲ. 1950ರಲ್ಲಿ ಪೊಲರಾಯ್ಡ್ ಕಂಪನಿ ಕಂದುಬಣ್ಣದ ಮೊದಲ ಫಿಲ್ಮನ್ನು ಬಿಟ್ಟು ಅಚ್ಚ ಕಪ್ಪು-ಬಿಳುಪಿಗೆ ಬಂದಾಗಲೂ ಚಿತ್ರಗಳು ಮಾಸತೊಡಗಿದವು. ಕೊನೆಗೆ ಪ್ರತಿ ಪ್ರಿಂಟಿಗೂ ರಕ್ಷಣೆಯ ಲೇಪವನ್ನು ಕೈಯಾರೆ ಬಳಿದುಕೊಳ್ಳಲು ಫಿಲ್ಮಿನ ಜೊತೆಯಲ್ಲೇ ಒಂದು ಚಿಕ್ಕ ಬಳಿಯುವ ಕಡ್ಡಿಯನ್ನು ಕೊಡಬೇಕಾಯಿತು. ಈಗಿನ ಹಾಳೆಗೆ ಆ ಲೇಪ ಬೇಕಿಲ್ಲ. ಆದರೆ ನೆಗೆಟಿವ್ ಬೇರೆಯಾಗಿ ಇರುವುದಿಲ್ಲವಾದ್ದರಿಂದ ನಿಮ್ಮ ಅಮ್ಮನವರ ಆ ಚಿತ್ರವನ್ನು ಈಗಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸ್ಕ್ಯಾನರಿನ ಗಾಜಿಗೆ ಚಿತ್ರದ ನುಣುಪು ಮೈ ನೇರವಾಗಿ ತಾಗಿದರೆ ಬಳೆ ಬಳೆಯಾಗಿ ಗುರುತು ಕಾಣುತ್ತದೆ; ನಾಲ್ಕು ಅಂಚಿಗೂ ತೆಳುವಾದ ರಟ್ಟಿನ ಪಟ್ಟಿ ಕೊಟ್ಟು ಕೂದಲೆಳೆಯಷ್ಟು ಎತ್ತರಿಸಿದರೆ ಆ ಗುರುತು ಬರುವುದಿಲ್ಲ.

ಒಂದು ಮಾತು ಬಿಟ್ಟುಹೋಗಿತ್ತು. ವಿಮಾನದಲ್ಲಿ ಹೋಗುವಾಗ ಬಳಸದ ಪ್ಯಾಕುಗಳನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ, ಅಲ್ಲಿನ ಎಕ್ಸ್-ರೇ ಹೆಚ್ಚು ಬಲವಾದದ್ದು. ಕೈಚೀಲದಲ್ಲಿಟ್ಟುಕೊಂಡು, ಭದ್ರತಾ ತಪಾಸಣೆಯ ಸಿಬ್ಬಂದಿಯನ್ನು ಕೈಯಿಂದಲೇ ಪರೀಕ್ಷಿಸಿಕೊಡುವಂತೆ ವಿನಂತಿಸಿ. ಐಎಸ್‌ಒ 640, 800 ಇರುವ ಪ್ಯಾಕುಗಳಿಗೆ ಇದು 160ಕ್ಕಿಂತಲೂ ಮುಖ್ಯ.